ನಿನ್ನ ‘ಹ್ಞೂಂ’ ಎಲ್ಲಿ ಹೋಯಿತು?

ತುಮಕೂರು
ಶುಕ್ರವಾರ ರಾತ್ರಿ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕಾಗದ ಅಂದರೆ ಸಾವಿನ ಸುದ್ದಿಯೋ ಮದುವೆ ಕರೆಯೋ ಇರಬೇಕು ಅಂದುಕೊಂಡು ಗಾಬರಿಯಾಗಬೇಡ. ಗುಬ್ಬಿಯಿಂದ ನಿನ್ನ ಮಾವನ ಮಗಳು ನಾಳೆ ಬರುತ್ತಾಳೆ. ಈ ಹಾಳೆಗಳನ್ನು ಒಂದೊಂದಾಗಿ ಫೋಟೋ ಹೊಡೆದು ನಿನಗೆ ಕಳಿಸುತ್ತೇನೆ ಅಂದಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ದೊಡ್ಡಮ್ಮ ಅನ್ನಬೇಡ. ಹೇಳಬೇಕಾಗಿರುವುದೇ ಫೋನಿನ ಮೇಲಿನ ದೂರು. ಆರೋಪಿಯ ಕೈಯಲ್ಲೇ ದೂರು ಕೊಟ್ಟು ಕಳಿಸಲು ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಿನ್ನಮ್ಮ ಕುಣಿಗಲ್‌ನಿಂದ ಮೊದಲ ಬಸ್ಸಿಗೇ ಬಂದಿಳಿದಳು. ಚೀಲದಲ್ಲಿ ಒಂದು ಕಟ್ಟು ಸೊಪ್ಪೂ ಇಲ್ಲ. ಅವಳು ಅಕ್ಕನ ಮನೆಗೆ ಬರಿಗೈಯಲ್ಲಿ ಬಂದವಳಲ್ಲ. ಹಾಗಾಗಿ ಏನೋ ಆಗಿದೆ ಅಂತ ಬಾಗಿಲಲ್ಲೇ ತಿಳಿಯಿತು. ಕಾಫಿ ಲೋಟ ಕೈಗೆ ಕೊಟ್ಟ ಮೇಲೆ ಬಾಯಿಬಿಟ್ಟಳು. “ಅಕ್ಕಾ, ಅವನಿಗೆ ನನ್ನ ಮಾತು ಬೇಡವಾಗಿದೆ ಕಣೆ. ಭಾನುವಾರ ಕಾಲು ಗಂಟೆ ಮಾತಾಡಿದೆ. ಒಂದು ಸಲ ಹ್ಞೂಂ ಅನ್ನಲಿಲ್ಲ. ನಾನು ನಿಲ್ಲಿಸಿದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು, ‘ಸರಿ ಅಮ್ಮ’ ಅಂದ. ಲೈನ್ ಇದೆಯೋ ಕಟ್ಟಾಯ್ತೋ ಅಂತ ‘ಹಲೋ’ ಅಂದ್ರೆ, ‘ಇದೀನಮ್ಮಾ’ ಅಂತ ರೇಗಿದ. ಕತೆ ಅರ್ಧಕ್ಕೇ ಬಿಟ್ಟೆ.”

ನಿನ್ನಮ್ಮ ಕತೆಯನ್ನು ಅರ್ಧಕ್ಕೆ ಬಿಡುವುದು ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಚಿಕ್ಕವನಿದ್ದಾಗ ರಾತ್ರಿ ಅವಳ ಪಕ್ಕ ಮಲಗಿ ಕತೆ ಕೇಳುವಾಗ ಇದ್ದ ಕರಾರು ನೆನಪಿದೆಯಲ್ಲ? ಕೇಳುವವನು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಹುಡುಗ ನಿದ್ದೆ ಹೋದ ಅಂತ ಅರ್ಥ, ಕತೆ ಅಲ್ಲಿಗೆ ನಿಲ್ಲುತ್ತದೆ. ಮೂವತ್ತು ವರ್ಷದ ಅಭ್ಯಾಸ ಅದು. ಸಿಯಾಟಲ್‌ನಲ್ಲಿ ಕೂತವನು ಹೂಂಗುಟ್ಟದೆ ಹೋದರೆ ಅವಳ ಮಟ್ಟಿಗೆ ನೀನು ನಿದ್ದೆ ಹೋಗಿದ್ದೀಯ, ಇಲ್ಲವೇ ಕೇಳಲು ಇಷ್ಟವಿಲ್ಲದೆ ಸುಮ್ಮನಿದ್ದೀಯ.

ನಿನ್ನನ್ನು ಬೈಯಲು ಕೂತಿಲ್ಲ ನಾನು. ನೀನು ಹ್ಞೂಂ ಅಂದಿದ್ದೀಯ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಎಲ್ಲಿ ಬಿತ್ತು ಅಂತ ಈ ವಾರವೆಲ್ಲ ಹುಡುಕಿದೆ.

ಹುಡುಕುವುದು ನನಗೆ ಹೊಸದಲ್ಲ. 1974ರಲ್ಲಿ ತುಮಕೂರಿನ ಟ್ರಂಕ್ ಬೋರ್ಡಿನ ಮುಂದೆ ಕೂತಾಗ ನನಗೆ 21. ಎದುರಿಗೆ ಜ್ಯಾಕ್‌ಗಳ ಸಾಲು, ಕೈಯಲ್ಲಿ ಕಾರ್ಡು, ಕಿವಿಗೆ ಹೆಡ್‌ಸೆಟ್ಟು. ಜನ 180ಕ್ಕೆ ಫೋನ್ ಮಾಡಿ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬೇರೆ ಬೇರೆ ದರ. ಮೂರು ನಿಮಿಷ ಆಯಿತು ಅಂತ ಮಧ್ಯೆ ಬಾಯಿ ಹಾಕುತ್ತಿದ್ದ ಆ ಕೆಟ್ಟ ಹೆಂಗಸು ನಾನೇ. ನಿಮ್ಮ ದೊಡ್ಡಪ್ಪ ಗುಬ್ಬಿ ಕಡೆ ಲೈನಿನ ಮೇಲೆ, ನಾನು ಬೋರ್ಡಿನ ಮೇಲೆ. ಅವರು ಕಂಬ ಹತ್ತಿ ಕಣ್ಣಿನಿಂದ ಹುಡುಕುತ್ತಿದ್ದ ತಪ್ಪನ್ನು ನಾನು ಕೂತಲ್ಲೇ ಕಿವಿಯಿಂದ ಹುಡುಕಬೇಕಾಗಿತ್ತು. ಎಲ್ಲ ಕೆಟ್ಟ ಸದ್ದೂ ಒಂದೇ ಅಲ್ಲ ಮಗು. ಮಳೆ ನೀರು ಜಾಯಿಂಟಿಗೆ ಇಳಿದಾಗಿನ ಕರಕರ ಬೇರೆ, ಕರೆಂಟ್ ಲೈನಿನ ಪಕ್ಕ ಹಾದುಹೋದ ತಂತಿಯ ಗುಂಯ್ ಬೇರೆ, ಇನ್ಯಾರದೋ ಮನೆಯ ಜಗಳ ಹಿಂದುಗಡೆ ಸಣ್ಣದಾಗಿ ಕೇಳುವ ಕ್ರಾಸ್‌ಟಾಕ್ ಬೇರೆ. (ಕ್ರಾಸ್‌ಟಾಕ್ ಬಂದ ದಿನ ನಾವು ಯಾರೂ ದೂರು ಕೊಡುತ್ತಿರಲಿಲ್ಲ.)

ಮೊದಲ ವಾರವೇ ನಮ್ಮ ಸೂಪರ್‌ವೈಸರ್ ಒಂದು ಪಾಠ ಹೇಳಿಕೊಟ್ಟಿದ್ದರು. ಚಂದಾದಾರನನ್ನು “ಕೇಳಿಸ್ತಾ ಇದೆಯಾ?” ಅಂತ ಕೇಳಬೇಡ. ದಾಕ್ಷಿಣ್ಯಕ್ಕೆ ಹೌದು ಅಂತಾರೆ. ಒಂದರಿಂದ ಹತ್ತು ಎಣಿಸಲು ಹೇಳು, ಆಚೆಯವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಲಿ. ಯಾವ ಅಂಕಿ ಬಿದ್ದುಹೋಯಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತೆ. ಎರಡನೆಯ ಪಾಠ ದೊಡ್ಡಪ್ಪನದು: ಲೈನನ್ನು ಮಧ್ಯದಲ್ಲಿ ಕತ್ತರಿಸಿ ನೋಡು, ತಪ್ಪು ಈಚೆಗಿದೆಯೋ ಆಚೆಗಿದೆಯೋ ತೀರ್ಮಾನ ಮಾಡು, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು. ಈ ಎರಡು ಬಿಟ್ಟು ನನ್ನ ಹತ್ತಿರ ಬೇರೆ ವಿದ್ಯೆ ಇಲ್ಲ. ಇಂಟರ್ನೆಟ್ ಕರೆಗೂ ಇವೇ ಸಾಕಾದವು.

ಮಂಗಳವಾರ ನಾನೂ ನಿನ್ನಮ್ಮನೂ ಕುಣಿಗಲ್‌ಗೆ ಹೋದೆವು. ಗುಬ್ಬಿಯ ಹುಡುಗಿಗೆ, ಅವನು ಭಾನುವಾರ ಕರೆ ಮಾಡಿದ ಆ್ಯಪಿನಲ್ಲೇ, ಅದೇ ಹೊತ್ತಿಗೆ ಕರೆ ತೆಗೆದುಕೋ ಅಂತ ಮೊದಲೇ ಹೇಳಿದ್ದೆ. ಅವಳು ನಮ್ಮ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಈ ಪತ್ರದಲ್ಲಿ ನಿನಗೆ ಎಲ್ಲಾದರೂ ವಿದ್ವತ್ತು ಕಂಡರೆ ಅದು ಅವಳದು. ನಿನ್ನನ್ನು ಬೇಕೆಂದೇ ಸೇರಿಸಿಕೊಳ್ಳಲಿಲ್ಲ. ಸಮುದ್ರವನ್ನು ಆಟದಿಂದ ಹೊರಗಿಡಬೇಕಾಗಿತ್ತು. ಕುಣಿಗಲ್ಲಿಗೂ ಗುಬ್ಬಿಗೂ ನಡುವೆಯೇ ಹ್ಞೂಂ ಬಿದ್ದುಹೋದರೆ ಅಮೆರಿಕವನ್ನು ಬೈದು ಉಪಯೋಗವಿಲ್ಲವಲ್ಲ.

ನಿನ್ನಮ್ಮನಿಗೆ ನಿಲ್ಲಿಸದೆ ಮಾತಾಡು ಅಂದೆ. ಅದಕ್ಕೆ ಅವಳಿಗೆ ಹೇಳಿಕೊಡಬೇಕಾಗಿಲ್ಲ. ಅವಳು ಮಾತಾಡುತ್ತಿರುವಾಗಲೇ ಹುಡುಗಿ ಆಚೆಯಿಂದ ಒಂದರಿಂದ ಇಪ್ಪತ್ತು ಎಣಿಸಬೇಕು, ನಾನು ಈಚೆ ಕೂತು ಕೇಳಿಸಿದ್ದನ್ನು ಬರೆದುಕೊಳ್ಳಬೇಕು. ಮೊದಲ ಸಲ ಹುಡುಗಿ ಫೋನನ್ನು ಕಿವಿಗೆ ಹಿಡಿದಿದ್ದಳು. ಇಪ್ಪತ್ತರಲ್ಲಿ ಹತ್ತೊಂಬತ್ತು ಬಂತು. ಎರಡನೆಯ ಸಲ ಅವಳು ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟು, ನಾಲ್ಕು ಹೆಜ್ಜೆ ದೂರ ನಿಂತಳು. ಏಳು ಬಂತು. ಆ ಏಳೂ ನಿನ್ನಮ್ಮ ಉಸಿರು ತೆಗೆದುಕೊಂಡಾಗ ಬಂದವು! ಮೂರನೆಯ ಸಲ ಹುಡುಗಿ ಸ್ಪೀಕರಿನಲ್ಲೇ ಇದ್ದಳು, ನಿನ್ನಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಇಪ್ಪತ್ತೂ ಬಂತು.

ಆಗ ಎದ್ದು ಕೂತೆ. ಭಾನುವಾರ ನೀನು ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು, ಸದ್ದು ಜೋರು ಮಾಡಿ, ಆಚೆ ನಿಂತು ಪಾತ್ರೆ ತೊಳೆಯುತ್ತಿದ್ದೆ. ಹೌದೋ ಅಲ್ಲವೋ? ಅಲ್ಲ ಅನ್ನಬೇಡ, ನಲ್ಲಿಯ ಸದ್ದು ನಿನ್ನಮ್ಮನಿಗೆ ಕೇಳಿಸಿತ್ತು. ಮಳೆ ಅಂದುಕೊಂಡಿದ್ದಾಳೆ.

ನಡೆದದ್ದು ಇಷ್ಟು. ನಿನ್ನಮ್ಮನ ದನಿ ನಿನ್ನ ಸ್ಪೀಕರಿನಿಂದ ಹೊರಗೆ ಬರುತ್ತದೆ. ಅದು ಗೋಡೆಗೆ ತಾಗಿ, ಪಾತ್ರೆಗೆ ತಾಗಿ, ನಿನ್ನ ಮೈಕಿನೊಳಕ್ಕೇ ಮತ್ತೆ ಹೋಗುತ್ತದೆ. ಹಾಗೇ ಬಿಟ್ಟರೆ ಕುಣಿಗಲ್ಲಿನಲ್ಲಿ ಅವಳಿಗೆ ಅವಳದೇ ಮಾತು ತಡವಾಗಿ ಪ್ರತಿಧ್ವನಿಸುತ್ತದೆ. ಆದ್ದರಿಂದ ಒಂದು ಮಾತು ನೆನಪಿಟ್ಟುಕೋ: ಪ್ರತಿಧ್ವನಿ ಯಾರಿಗೆ ಕೇಳಿಸುತ್ತದೋ, ಅದು ಅವರ ಫೋನಿನ ತಪ್ಪಲ್ಲ, ಹೆಚ್ಚಾಗಿ ಆಚೆಯವರದು. ಜನ ಉಲ್ಟಾ ಮಾಡುತ್ತಾರೆ. ತಮಗೆ ಪ್ರತಿಧ್ವನಿ ಕೇಳಿದರೆ ತಮ್ಮ ಫೋನನ್ನೇ ಆರಿಸಿ ಹಾಕಿ, ಕೊನೆಗೆ ರಿಪೇರಿ ಅಂಗಡಿಗೆ ಹೋಗುತ್ತಾರೆ. ಆಚೆಯವರು ಸ್ಪೀಕರಿನ ಸದ್ದು ಒಂದಿಷ್ಟು ಇಳಿಸಿದ್ದರೆ ಮುಗಿಯುತ್ತಿತ್ತು.

ಈ ಪ್ರತಿಧ್ವನಿಯ ಕಾಟ ಹಳೆಯದು. ಐ.ಎಸ್.ಡಿ. ಕರೆಗಳು ಉಪಗ್ರಹದ ಮೂಲಕ ಹೋಗುತ್ತಿದ್ದಾಗ ಅದು ಇನ್ನೂ ಜೋರಾಗಿತ್ತು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಹತ್ತಿ ಇಳಿಯುವುದಕ್ಕೇ ಕಾಲು ಸೆಕೆಂಡು ಬೇಕು, ಅದರ ಪ್ರತಿಧ್ವನಿ ತಿರುಗಿ ಬರಲು ಇನ್ನೊಂದು ಕಾಲು. ಆಗ ಹಾಕಿದ ಉಪಾಯ ಬಹಳ ಒರಟು: ಒಬ್ಬರು ಮಾತಾಡುವಾಗ ಇನ್ನೊಬ್ಬರ ದಾರಿಯನ್ನೇ ಅದುಮಿಡುವುದು. ಆಮೇಲೆ ಬಂದದ್ದು ಜಾಣ ಉಪಾಯ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಮನ್ ಮೋಹನ್ ಸೋಂಧಿ ಅನ್ನುವವರು 1967ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಅಷ್ಟು ದೂರದ ಹೆಸರು ನನಗ್ಯಾಕೆ ಅಂತೀಯಾ? ಅವರು ಸಂಪರ್ಕ ಎಂಜಿನಿಯರಿಂಗ್ ಕಲಿತದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹುಡುಗಿ ಇದನ್ನು ಹೇಳಿದ ಮೇಲೆ ಎಷ್ಟು ಹೆಮ್ಮೆಯಾಯಿತು ಅಂದರೆ, ಪ್ರತಿಧ್ವನಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು. ಯಂತ್ರ ಏನು ಮಾಡುತ್ತದೆ ಅಂದರೆ, ಆಚೆಯ ದನಿ ಈ ಕೋಣೆಯಲ್ಲಿ ಸುತ್ತಿ ಹೇಗಾಗಿ ಬರುತ್ತದೆ ಅಂತ ಕ್ಷಣಕ್ಷಣಕ್ಕೂ ಕಲಿತುಕೊಂಡು, ಅಷ್ಟನ್ನು ಮಾತ್ರ ಕಳೆಯುತ್ತದೆ. ಉಳಿಯಬೇಕಾದದ್ದು ನಿನ್ನ ದನಿ ಒಂದೇ.

ಈಗಿನ ಫೋನು, ಲ್ಯಾಪ್‌ಟಾಪುಗಳಲ್ಲಿ ಈ ಲೆಕ್ಕ ಇದ್ದೇ ಇರುತ್ತದೆ. ಆದರೆ ಸಣ್ಣ ಸ್ಪೀಕರನ್ನು ಪೂರ್ತಿ ಜೋರು ಮಾಡಿದರೆ ಅದು ದನಿಯನ್ನು ಒಡೆದು ಬಿಡುತ್ತದೆ. ನೀನೋ ಕೋಣೆಯಲ್ಲಿ ಓಡಾಡುತ್ತೀಯ. ಯಂತ್ರ ಕಲಿತದ್ದೆಲ್ಲ ತಪ್ಪಾಗುತ್ತದೆ. ಕಳೆದರೂ ಒಂದಿಷ್ಟು ಉಳಿಯುತ್ತದೆ. ಆಗ ಅದು ಮತ್ತೆ ಹಳೆಯ ಒರಟು ಉಪಾಯಕ್ಕೇ ಇಳಿಯುತ್ತದೆ: ಅಮ್ಮ ಮಾತಾಡುತ್ತಿದ್ದಾಳೆಯೇ, ಹಾಗಾದರೆ ಮಗನ ಮೈಕನ್ನು ಅದುಮು. ಜೋರಾಗಿ, ಉದ್ದಕ್ಕೆ ಮಾತಾಡಿದರೆ ತೂರಿಕೊಂಡು ಹೋಗಬಹುದು. ಹ್ಞೂಂ ಹೇಗೆ ತೂರುತ್ತದೆ? ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ಸದ್ದು. ಅದರ ಮೇಲೆ ಪಾತ್ರೆ ಸದ್ದು ತೆಗೆಯಲು ಇನ್ನೊಂದು ಜರಡಿ. ನಿನ್ನ ಮೆಲ್ಲನೆಯ ಹ್ಞೂಂ ಅದಕ್ಕೆ ಕಸದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಈ ಯಂತ್ರಗಳನ್ನು ಮಾಡಿದವರ ಊರಿನಲ್ಲಿ ಕತೆ ಕೇಳುವವರು ಹೂಂಗುಟ್ಟುವುದಿಲ್ಲವೇನೋ.

ಇಷ್ಟಕ್ಕೆ ಮದ್ದು ನಾಲ್ಕು ಕಾಸಿನದು. ಇಯರ್‌ಫೋನ್ ಹಾಕಿಕೋ. ನಿನ್ನಮ್ಮನ ದನಿ ನಿನ್ನ ಕಿವಿಯೊಳಗೇ ಉಳಿದರೆ ಮೈಕಿಗೆ ಹೋಗುವುದಿಲ್ಲ. ಮೈಕಿಗೆ ಹೋಗದಿದ್ದರೆ ಅದುಮುವ ಅಗತ್ಯವೇ ಬೀಳುವುದಿಲ್ಲ. ತಂತಿ ಇರುವುದೇ ಒಳ್ಳೆಯದು. ಬ್ಲೂಟೂತಿನದು ಹಾಡು ಕೇಳುವಾಗ ಚೆನ್ನಾಗಿರುತ್ತದೆ, ಅದರ ಮೈಕನ್ನೂ ಬಳಸಲು ಹೊರಟರೆ ಎಷ್ಟೋ ಸಲ ದನಿ ಸೊರಗಿ ನನ್ನ ಟ್ರಂಕ್ ಲೈನಿನ ಕಾಲಕ್ಕೆ ಹೋಗಿಬಿಡುತ್ತದೆ. ಆಗ 300ರಿಂದ 3,400 ಹರ್ಟ್ಸ್ ಒಳಗಿನ ದನಿಯನ್ನು ಮಾತ್ರ ಸಾಗಿಸುತ್ತಿದ್ದೆವು. ಸ ಯಾವುದು ಫ ಯಾವುದು ತಿಳಿಯದೆ ಹೆಸರುಗಳನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಸುತ್ತಿದ್ದೆ. ನಿನ್ನ ಕಿವಿಗೆ ದುಡ್ಡು ಕೊಟ್ಟು ಅದನ್ನೇ ಯಾಕೆ ಕೊಂಡುಕೊಳ್ಳುತ್ತೀಯ?

ಇನ್ನು ನಿನ್ನಮ್ಮನ ಕಡೆಯ ತಪ್ಪು. ಇಲ್ಲ ಅಂದುಕೊಂಡೆಯಾ? “ಏನಮ್ಮ, ಬಾವಿಯೊಳಗೆ ಕೂತು ಮಾತಾಡ್ತಿದೀಯಾ” ಅಂತ ನೀನು ಎರಡು ಸಲ ಕೇಳಿದ್ದೆಯಂತೆ. ಅದನ್ನೂ ಅವಳು ಕುಹಕ ಅಂದುಕೊಂಡಿದ್ದಾಳೆ. ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆ. ಕೆಳತುದಿಯ ಸಣ್ಣ ತೂತಿನ ತುಂಬ ರಾಗಿ ಹಿಟ್ಟು. ಮುದ್ದೆ ತೊಳಸುವಾಗ ಫೋನು ಹಿಟ್ಟಿನ ಡಬ್ಬಿಯ ಮೇಲೆ ಒರಗಿರುತ್ತದಲ್ಲ, ಇನ್ನೇನಾಗುತ್ತೆ. ಮೇಲಿಂದ ಸೊಸೈಟಿ ಅಂಗಡಿಯಲ್ಲಿ ಕೊಂಡ ರಬ್ಬರ್ ಕವಚ ಬೇರೆ, ಅದರ ಕಿಂಡಿ ಒಂದು ಕಡೆ, ಫೋನಿನ ತೂತು ಇನ್ನೊಂದು ಕಡೆ.

ಇಲ್ಲಿ ದೊಡ್ಡಪ್ಪನ ಅರ್ಧ ಮಾಡುವ ವಿದ್ಯೆ ಕೆಲಸಕ್ಕೆ ಬಂತು. ಕರೆ ಮಾಡುವ ಮೊದಲು ಫೋನಿನಲ್ಲೇ ಇರುವ ರೆಕಾರ್ಡರ್ ತೆಗೆದು ಅವಳಿಂದ ಎರಡು ಮಾತು ಆಡಿಸಿದೆ. ಕೇಳಿದರೆ ಅದರಲ್ಲೂ ಬಾವಿಯೇ. ಅಲ್ಲಿಗೆ ಇಂಟರ್ನೆಟ್, ಟವರ್, ವೈಫೈ, ಸಿಯಾಟಲ್ ಎಲ್ಲವೂ ನಿರಪರಾಧಿಗಳು. ಮಾತು ಫೋನಿನಿಂದ ಹೊರಡುವ ಮೊದಲೇ ಕೆಟ್ಟಿದೆ. ರೆಕಾರ್ಡಿಂಗು ಚೆನ್ನಾಗಿ ಬಂದು ಕರೆ ಮಾತ್ರ ಕೆಟ್ಟಿದ್ದರೆ ಆಗ ಆ್ಯಪನ್ನೋ ದಾರಿಯನ್ನೋ ಅನುಮಾನಿಸಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಕವಚ ಕಿತ್ತುಹಾಕಿದೆ. ಸೂಜಿ ತರಲು ಹೊರಟಿದ್ದಳು, ತಡೆದೆ. ಆ ತೂತಿನ ಹಿಂದೆ ಇರುವುದು ಸೂಕ್ಷ್ಮವಾದ ಪೊರೆ, ಸೂಜಿ ಹಾಕಿದರೆ ಹಿಟ್ಟಿನ ಜೊತೆ ಮೈಕೂ ಹೋಗುತ್ತದೆ. ಇನ್ನೊಂದು ವಿಷಯ ನನಗೂ ಹೊಸದು: ಬಹಳ ಫೋನುಗಳಲ್ಲಿ ಮೈಕು ಒಂದಲ್ಲ. ಕೆಳಗೊಂದು, ಮೇಲೊಂದು, ಕೆಲವಕ್ಕೆ ಬೆನ್ನಿಗೂ ಒಂದು. ಸ್ಪೀಕರ್ ಹಾಕಿದಾಗ ಬಳಕೆಗೆ ಬರುವ ಮೈಕು ಕೆಲವೊಮ್ಮೆ ಬೇರೆಯದು. ಆದ್ದರಿಂದಲೇ ಕಿವಿಗಿಟ್ಟಾಗ ಸರಿ, ಸ್ಪೀಕರಿನಲ್ಲಿ ಸರಿಯಿಲ್ಲ ಅನ್ನುವ ದೂರು ಅಷ್ಟು ಸಾಮಾನ್ಯ.

ನಮ್ಮ ಕಾಲದ ಫೋನಿನ ಮೈಕಿನಲ್ಲಿ ಇಂಗಾಲದ ಹರಳು ತುಂಬಿರುತ್ತಿತ್ತು. ಹಳತಾದರೆ ಅವು ಅಂಟಿಕೊಂಡು ಗಟ್ಟಿಯಾಗುತ್ತಿದ್ದವು, ರಿಸೀವರನ್ನು ಅಂಗೈಗೆ ಎರಡು ಸಲ ತಟ್ಟಿದರೆ ಬಿಟ್ಟುಕೊಂಡು ದನಿ ತೆರೆಯುತ್ತಿತ್ತು. ನಮ್ಮಮ್ಮ ಈಗಲೂ ಮೊಬೈಲನ್ನು ತಟ್ಟುತ್ತಾಳೆ. ಹೇಳಿ ಪ್ರಯೋಜನವಿಲ್ಲ.

ಅವಳ ವಿಷಯ ಬಂತಲ್ಲ, ನಿನ್ನ ಅಜ್ಜಿ ಗುಬ್ಬಿಯಿಂದ ಫೋನ್ ಮಾಡಿದಾಗ ಅಷ್ಟು ಕಿರುಚುವುದೇಕೆ ಅಂತ ನೀನು ನಗುತ್ತಿದ್ದೆ. 91 ವರ್ಷ, ಕಿವಿ ಮಂದ ಅಂದುಕೊಂಡಿದ್ದೀಯ. ಅದೂ ಇದೆ. ಆದರೆ ಹಳೆಯ ಫೋನಿನಲ್ಲಿ ನಮ್ಮ ದನಿ ಒಂದಿಷ್ಟು ನಮ್ಮ ಕಿವಿಗೇ ತಿರುಗಿ ಕೇಳುತ್ತಿತ್ತು. ಇಲಾಖೆಯಲ್ಲಿ ಅದಕ್ಕೆ ಸೈಡ್‌ಟೋನ್ ಅನ್ನುತ್ತಿದ್ದೆವು. ಅದು ಜಾಸ್ತಿಯಾದರೆ ಜನ ಪಿಸುಗುಟ್ಟುತ್ತಿದ್ದರು, ಕಡಿಮೆಯಾದರೆ ಕೂಗುತ್ತಿದ್ದರು. ಮೊಬೈಲಿನಲ್ಲಿ ಅದು ಬಹಳ ಕಡಿಮೆ. ತನ್ನ ದನಿ ತನಗೆ ಕೇಳದೆ, ಫೋನ್ ಸತ್ತಿದೆ ಅಂದುಕೊಂಡು ಅಜ್ಜಿ ಇನ್ನೂ ಏರಿಸುತ್ತಾಳೆ. ಅದರ ಮೇಲೆ ಅವಳು ಗುಬ್ಬಿಯವಳು. 1884ರಲ್ಲಿ ನಾಟಕ ಕಂಪನಿ ಕಟ್ಟಿ ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸಿದ ಊರು. ಗುಬ್ಬಿ ವೀರಣ್ಣನವರ ಊರಿನ ಹೆಂಗಸಿಗೆ ಮೆಲ್ಲಗೆ ಮಾತಾಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀನೇ ನಿನ್ನ ಕಡೆ ಸದ್ದು ಇಳಿಸಿಕೋ.

ಈಗ ಕತ್ತರಿಸಿ ಕತ್ತರಿಸಿ ಬರುವ ದನಿ, ನೀವೆಲ್ಲ ರೋಬೋಟ್ ಅಂತೀರಲ್ಲ, ಅದು. ಇದು ಮಾತ್ರ ದಾರಿಯ ತಪ್ಪು. ಜನ ಕೂಡಲೇ ಕೇಳುವ ಪ್ರಶ್ನೆ “ಎಷ್ಟು ಎಂಬಿಪಿಎಸ್ ಹಾಕಿಸಿದೀರಿ?” ಪ್ರಶ್ನೆಯೇ ತಪ್ಪು. ಒಂದು ಮಾತಿಗೆ ಎಷ್ಟು ಬೇಕು ಅಂತ ಮೊದಲು ನೋಡು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸರ್ಕಾರದ ದೂರಸಂಪರ್ಕ ಸಂಸ್ಥೆ ಸಿ-ಡಾಟ್‌ನವರು ತಮ್ಮ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಇಟ್ಟರು, ಎ.ಸಿ. ಕೋಣೆ ಬೇಡದ 128 ಪೋರ್ಟಿನ ಪುಟ್ಟ ಪೆಟ್ಟಿಗೆ. ಅಂಥ ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆಯುತ್ತಿದ್ದರು. ಒಟ್ಟು 64 ಕಿಲೋಬಿಟ್. ಒಂದು ಮಾತಿಗೆ ಅಷ್ಟು ಸಾಕಾಗಿತ್ತು. 2012ರಲ್ಲಿ ಮಾನಕವಾದ, ದನಿಯನ್ನು ಅಂಕಿಗೆ ಇಳಿಸುವ ಓಪಸ್ ಅನ್ನುವ ಹೊಸ ಲೆಕ್ಕ 6 ಕಿಲೋಬಿಟ್‌ನಿಂದಲೇ ಶುರುವಾಗುತ್ತದಂತೆ. ನಿನ್ನಮ್ಮನ ಮನೆಗೆ ಬಂದಿರುವುದು 100 ಮೆಗಾಬಿಟ್ ಲೈನು. ಹಳೆಯ ಲೆಕ್ಕದಲ್ಲೇ ಸಾವಿರದೈನೂರು ಜನ ಒಟ್ಟಿಗೆ ಮಾತಾಡಬಹುದು. ಕೊರತೆ ದಾರಿಯ ಅಗಲದ್ದಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟುವುದರದ್ದು.

ಮದುವೆ ಮನೆಯ ಪಂಕ್ತಿ ನೆನಪಿಸಿಕೋ. ಕೋಸಂಬರಿ, ಪಲ್ಯ, ಅನ್ನ, ಸಾರು, ಒಬ್ಬರ ಹಿಂದೊಬ್ಬರು ಬಡಿಸಿಕೊಂಡು ಬರುತ್ತಾರೆ. ಮಜ್ಜಿಗೆ ಬಂದ ಮೇಲೆ ಸಾರಿನ ಬಕೆಟ್ ತಂದವನನ್ನು ಯಾರು ಕೇಳುತ್ತಾರೆ? ಸಾರು ಅದೇ ಸಾರು, ಹೊತ್ತು ಮೀರಿದೆ ಅಷ್ಟೇ. ಅಂತರಜಾಲದಲ್ಲಿ ನಿನ್ನ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಪೊಟ್ಟಣ ಕಟ್ಟಿ ಕಳಿಸುತ್ತಾರೆ, ಒಂದೊಂದರಲ್ಲಿ 20 ಮಿಲಿಸೆಕೆಂಡಿನಷ್ಟು ದನಿ. ಫೋಟೋ ಆದರೆ ತಡವಾಗಿ ಬಂದ ಪೊಟ್ಟಣಕ್ಕೂ ಕಾಯಬಹುದು. ಮಾತಿನಲ್ಲಿ ಕಾಯುವ ಹಾಗಿಲ್ಲ, ಹೊತ್ತು ಮೀರಿ ಬಂದದ್ದನ್ನು ಎಸೆಯುತ್ತಾರೆ. ಎಸೆದ ಜಾಗಕ್ಕೆ ಹಿಂದಿನ ತುಂಡನ್ನೇ ಎಳೆದು ಮುಚ್ಚುತ್ತಾರೆ, ಅದೇ ನಿನ್ನ ರೋಬೋಟು. ಸ್ವಲ್ಪ ಹೊಂದಿಕೆಗೆ ಅಂತ ಅಡುಗೆ ಮನೆಯಲ್ಲಿ ಎರಡು ಬಕೆಟ್ ಮುಂದಾಗಿ ತುಂಬಿಟ್ಟುಕೊಂಡೇ ಬಡಿಸಲು ಹೊರಡುವುದೂ ಉಂಟು. ಹಾಗೆ ತುಂಬಿಟ್ಟಷ್ಟೂ ಮಾತು ತಡವಾಗುತ್ತದೆ.

ಬಡಿಸುವವರು ತಡವಾಗುವುದೇಕೆ? ಓಣಿಯಲ್ಲಿ ಯಾರೋ ಮಂಚ ಸಾಗಿಸುತ್ತಿರುತ್ತಾರೆ. ಕುಣಿಗಲ್ಲಿನ ಮನೆಯಲ್ಲಿ ಆ ಮಂಚ ಸಿಕ್ಕಿತು: ನಿಮ್ಮಪ್ಪನ ಫೋನು. ಯಾವುದೋ ಮದುವೆಯಲ್ಲಿ ತೆಗೆದ ವಿಡಿಯೋಗಳನ್ನೆಲ್ಲ ಅದು ತನ್ನಷ್ಟಕ್ಕೆ ಮೇಲಕ್ಕೆ ಏರಿಸುತ್ತಿತ್ತು. ಅದನ್ನು ನಿಲ್ಲಿಸಿದ ಕೂಡಲೇ ದನಿ ಅರ್ಧ ಸರಿಹೋಯಿತು. ವೈಫೈ ಪೆಟ್ಟಿಗೆ ನಡುಮನೆಯಲ್ಲಿ, ನಿನ್ನಮ್ಮ ಹಿತ್ತಿಲ ಅಡುಗೆಮನೆಯಲ್ಲಿ, ನಡುವೆ ಹಳೆಯ ದಪ್ಪ ಗೋಡೆ. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಮಾತಾಡಿಸಿ ನೋಡಿದೆ, ಉಳಿದರ್ಧವೂ ಸರಿಯಾಯಿತು. ನೀನೂ ಹಾಗೇ ಮಾಡು: ದನಿ ಕತ್ತರಿಸಿದರೆ ಮೊದಲು ವೈಫೈ ಬಿಟ್ಟು ನೋಡು, ಇಲ್ಲವೇ ಪೆಟ್ಟಿಗೆಯ ಹತ್ತಿರ ಹೋಗು. ನಿನ್ನ ಮೈಕ್ರೋವೇವ್ ಒಲೆ ಓಡುತ್ತಿರುವಾಗ ಅದರ ಪಕ್ಕ ನಿಂತು ಮಾತಾಡಬೇಡ, ಹಳೆಯ ವೈಫೈಯೂ ಆ ಒಲೆಯೂ ಒಂದೇ 2.4 ಗಿಗಾಹರ್ಟ್ಸ್ ಓಣಿಯಲ್ಲಿ ಓಡಾಡುತ್ತವೆ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ಉಳಿಯುತ್ತದೆ. ಅದಕ್ಕೆ ನನ್ನಲ್ಲೂ ಮದ್ದಿಲ್ಲ, ಹುಡುಗಿಯಲ್ಲೂ ಇಲ್ಲ. ಇಲ್ಲಿಂದ ಸಿಯಾಟಲ್‌ಗೆ ನೇರ ಅಳತೆಯಲ್ಲೇ ಸುಮಾರು 13,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಲ್ಲಿಗೇ 65 ಆಯಿತು. ಕೇಬಲ್ಲು ನೇರ ಹೋಗುವುದಿಲ್ಲ, ಸಮುದ್ರದ ತಳದಲ್ಲಿ ಸುತ್ತಿಕೊಂಡು ಹೋಗುತ್ತದೆ. ಮೇಲೆ ಪೊಟ್ಟಣ ಕಟ್ಟುವ ಹೊತ್ತು, ಬಿಚ್ಚುವ ಹೊತ್ತು. ಒಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಇದ್ದರೆ ಜನಕ್ಕೆ ಗೊತ್ತಾಗುವುದಿಲ್ಲ, 400 ದಾಟಬಾರದು ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ನಿಮ್ಮದು ನಡುವೆ ಎಲ್ಲೋ ಬೀಳುತ್ತದೆ.

ನಡುವೆ ಬಿದ್ದರೂ ಸಾಕು, ಮನಸ್ಸು ಕೆಡಲು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದರಂತೆ. ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರ ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು. ಅದರಲ್ಲಿ ಕನ್ನಡ ಇರಲಿಲ್ಲ. ನಿನ್ನಮ್ಮನನ್ನು ಸೇರಿಸಿದ್ದರೆ ಆ ಬಿಡುವೂ ಇರುತ್ತಿರಲಿಲ್ಲ. ಅಷ್ಟು ಬಿಗಿಯಾದ ತಾಳಕ್ಕೆ ಒಗ್ಗಿದ ಕಿವಿಗೆ, ಹೋಗಿಬರುವ ತಡ ಸೇರಿ ಅರ್ಧ ಸೆಕೆಂಡು ಸುಮ್ಮನಿದ್ದರೆ ಅದು ತಡ ಅನ್ನಿಸುವುದಿಲ್ಲ, ಬೇಸರ ಅನ್ನಿಸುತ್ತದೆ. ಜರ್ಮನಿಯವರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ: ಲೈನಿನಲ್ಲಿ ಬೇಕೆಂದೇ ತಡ ಸೇರಿಸಿದಾಗ ಜನ ಲೈನನ್ನು ದೂರಲಿಲ್ಲ, ಆಚೆ ಇರುವ ಮನುಷ್ಯನಿಗೆ ಗಮನವಿಲ್ಲ ಅಂದರು. ಇದನ್ನು ಹುಡುಗಿ ಓದಿ ಹೇಳಿದಾಗ ನಿನ್ನಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿ ಬಂದಳು. ಹಾಲು ಇಟ್ಟೇ ಇರಲಿಲ್ಲ.

ನನ್ನ ಕೆಲಸದ ಮೊದಲ ವರ್ಷದ ಒಂದು ಕರೆ ಜ್ಞಾಪಕಕ್ಕೆ ಬಂತು. ಮಳೆಗಾಲ, ಲೈನು ಹಾಳಾಗಿತ್ತು. ಗುಬ್ಬಿಯಿಂದ ಒಬ್ಬಾಕೆ, ಬೊಂಬಾಯಿಯಿಂದ ಅವಳ ಗಂಡ. ಇಬ್ಬರೂ ನನಗೆ ಕೇಳಿಸುತ್ತಾರೆ, ಅವರಿಗೆ ಒಬ್ಬರಿಗೊಬ್ಬರು ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲಿ ನಾವೇ ನಡುವೆ ನಿಂತು ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುತ್ತಿದ್ದೆವು. ಅವನು “ಊಟ ಆಯ್ತಾ ಕೇಳಿ” ಅಂದ. “ಊಟ ಆಯ್ತಾ” ಅಂದೆ. ಅವಳು “ಹ್ಞೂಂ” ಅಂದಳು. ನಾನು “ಆಯಿತಂತೆ” ಅಂದೆ. ಅವನು ತಡೆದು ಕೇಳಿದ, “ಆಯಿತು ಅಂದಳೋ, ಹ್ಞೂಂ ಅಂದಳೋ?” “ಹ್ಞೂಂ ಅಂದರು” ಅಂದೆ. “ಹಾಗಾದ್ರೆ ಇನ್ನೂ ಉಂಡಿಲ್ಲ, ಉಣ್ಣೋಕೆ ಹೇಳಿ” ಅಂದ. ಮೂರು ನಿಮಿಷ ಮುಗಿದಿತ್ತು. ನಾಲಿಗೆಯ ತುದಿಯವರೆಗೆ ಬಂದ “ತ್ರೀ ಮಿನಿಟ್ಸ್” ಅನ್ನುವುದನ್ನು ನುಂಗಿಕೊಂಡು ಇನ್ನೂ ಒಂದು ನಿಮಿಷ ಬಿಟ್ಟೆ. ಈಗ ಹೇಳಬಹುದು, ಪಿಂಚಣಿ ಕಿತ್ತುಕೊಳ್ಳಲಾರರು.

ಸರಿ, ಭಾನುವಾರದ ಏರ್ಪಾಡು ಹೇಳುತ್ತೇನೆ. ಬೆಳಿಗ್ಗೆ ನಾನು ಕುಣಿಗಲ್ಲಿನಲ್ಲೇ ಇರುತ್ತೇನೆ. ಎಂಟು ಗಂಟೆಗೆ ಕರೆ ಮಾಡು, ನಿನಗೆ ಆಗ ಶನಿವಾರ ಸಂಜೆ. ಪಾತ್ರೆ ಆಮೇಲೆ ತೊಳಿ. ತಂತಿಯ ಇಯರ್‌ಫೋನು ಇಲ್ಲದಿದ್ದರೆ ಫೋನನ್ನು ಕಿವಿಗೇ ಇಟ್ಟುಕೋ. ಆ್ಯಪಿಗೆ ಮೈಕಿನ ಅನುಮತಿ ಇದೆಯೋ ಇಲ್ಲವೋ ಮೊದಲೇ ನೋಡಿಟ್ಟುಕೋ. ಒಂದು ಕಡೆಯಿಂದ ಏನೇನೂ ಕೇಳದಿದ್ದರೆ ಎಷ್ಟೋ ಸಲ ಅದೇ ಕಾರಣ. ನಿನ್ನಮ್ಮನ ಫೋನು ಹಿಟ್ಟಿನ ಡಬ್ಬಿಯ ಹತ್ತಿರ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ, ನಿಮ್ಮಪ್ಪನ ವಿಡಿಯೋಗಳನ್ನೂ. ಅವಳು ನಿಲ್ಲಿಸಿದಾಗ ಕೂಡಲೇ ಮಾತು ಶುರು ಮಾಡಬೇಡ, ಒಂದು ಉಸಿರು ಬಿಟ್ಟು ಶುರು ಮಾಡು. ಇಬ್ಬರೂ ಒಟ್ಟಿಗೆ ಮಾತೆತ್ತಿ, ಇಬ್ಬರೂ “ನೀನು ಹೇಳು” ಅಂದು, ಇಬ್ಬರೂ ಸುಮ್ಮನಾಗುವ ಆ ಪೇಚಾಟ ತಪ್ಪುತ್ತದೆ. ಹ್ಞೂಂ ಅನ್ನುವುದನ್ನು ಮಾತ್ರ ಕಾಯದೆ ಅನ್ನು, ಬಾಯಿ ತೆರೆದು ಅನ್ನು.

ಅರ್ಧಕ್ಕೆ ನಿಂತ ಕತೆ ಯಾವುದು ಅಂತ ನಿನಗೆ ನೆನಪಿದೆಯೋ ಇಲ್ಲವೋ. ಪಕ್ಕದ ಮನೆಯವರ ಕರು ಹಗ್ಗ ಕಿತ್ತುಕೊಂಡು ಕುದುರೆ ಫಾರಂ ಕಡೆ ಓಡಿದ್ದು, ಟಿಪ್ಪು ಕಾಲದಿಂದ ರೇಸಿನ ಕಾಲದವರೆಗೆ ಜಾತಿ ಕುದುರೆಗಳನ್ನೇ ಕಂಡ ಆ ಬೇಲಿಯೊಳಗೆ ನಾಟಿ ಕರು ನುಗ್ಗಿದ್ದು, ಕಾವಲುಗಾರ ಕೋಲು ಹಿಡಿದು ಬಂದದ್ದು. ಅಲ್ಲಿಗೆ ನೀನು ಹ್ಞೂಂ ಅನ್ನಲಿಲ್ಲ. ಈ ವಾರವೆಲ್ಲ ಅವಳ ಜೊತೆ ಓಡಾಡಿ, ಫೋನು ಒರೆಸಿ, ಬೈಸಿಕೊಂಡು, ಮುಂದೇನಾಯ್ತೇ ಅಂತ ನಾಲ್ಕು ಸಲ ಕೇಳಿದೆ. ಅವನಿಗೆ ಮೊದಲು ಹೇಳಬೇಕು ಅಂತ ನನಗೆ ಹೇಳುತ್ತಿಲ್ಲ.

ಇಂತಿ ನಿನ್ನ
ದೊಡ್ಡಮ್ಮ